ಡಿಗ್ರಿ ಮುಗಿದ ಮೇಲೆ ಬೇಸಿಗೆ ಪೂರ್ತಿ ಬರ್ಲಿನ್‌ನಲ್ಲೇ ಇರಬೇಕು ಅಂತ ಆಸೆ. ಹೋಗಲಾ?

ಹೊಸಹಾಳೆ

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಮುಗಿಯುತ್ತಾ ಬಂತು. ಮೇ ಕೊನೆಗೆ ಪರೀಕ್ಷೆ ಎಲ್ಲ ಆಗಿಬಿಡುತ್ತದೆ. ಕೆಲಸವೂ ಸಿಕ್ಕಿದೆ, ಸೆಪ್ಟೆಂಬರ್ ಮಧ್ಯದಲ್ಲಿ ಸೇರಿಕೊಂಡರೆ ಸಾಕಂತೆ. ಈ ನಡುವಿನ ಸಮಯ ಪೂರ್ತಿ ಬರ್ಲಿನ್‌ನಲ್ಲಿ ಕಳೆಯಬೇಕು ಅಂತಿದ್ದೇನೆ. ನಮಗೆ ಮಳೆಗಾಲ, ಅವರಿಗೆ ಬೇಸಿಗೆ. ಒಂದೇ ಊರು, ಎಲ್ಲೂ ಓಡಾಟ ಬೇಡ.

ಹೈಸ್ಕೂಲಿನಲ್ಲಿ ಇದ್ದಾಗ 1989ರ ಫೋಟೋ ನೋಡಿದ್ದೆ, ಊರನ್ನು ಪೂರ್ವ, ಪಶ್ಚಿಮ ಅಂತ ಎರಡು ಮಾಡಿದ್ದ ಬರ್ಲಿನ್ ಗೋಡೆಯ ಮೇಲೆ ಜನ ಸಾಲಾಗಿ ನಿಂತಿದ್ದು. ಆಗಿನಿಂದ ಈ ಊರು ತಲೆಯಲ್ಲಿ ಕೂತುಬಿಟ್ಟಿದೆ. ಮೆಟ್ರೋ ನಕ್ಷೆ ಬಾಯಿಪಾಠ ಆಗಿದೆ, ಸುಮ್ನೆ ಹೇಳ್ತಿಲ್ಲ. ಜರ್ಮನ್ ಭಾಷೆ ಎ2 ತನಕ, ಅಂದರೆ ಎರಡನೇ ಹಂತದ ತನಕ ಕಲಿತಿದ್ದೇನೆ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿದೆ, ಉಳಿದದ್ದನ್ನು ಅಣ್ಣ ಕೊಡುತ್ತಾನೆ.

ಆದರೆ ಯಾರಿಗೆ ಹೇಳಿದರೂ ಒಂದೇ ಮಾತು. "ಅಷ್ಟು ದೂರ ಹೋಗಿ ಒಂದೇ ಊರಾ? ಪ್ಯಾರಿಸ್, ರೋಮ್, ಪ್ರಾಗ್ ಎಲ್ಲ ನೋಡಿಕೊಂಡು ಬಾ." ನನ್ನ ಆಸೆ ನಿಜವಾಗಲೂ ಹುಚ್ಚಾ? ಅಲ್ಲಿ ಇದ್ದವರು, ಹೀಗೆ ಒಂದು ಊರಲ್ಲಿ ಪೂರ್ತಿ ಬೇಸಿಗೆ ಕಳೆದವರು ಹೇಳಿ. ರೂಮು ಹೇಗೆ ಹುಡುಕಬೇಕು ಅನ್ನುವುದೂ ಗೊತ್ತಿಲ್ಲ.

ರಿಂಗ್‌ಬಾನ್

ಹೋಗಿ. ಹಲವು ವರ್ಷದಿಂದ ಇಲ್ಲೇ ಇದ್ದೇನೆ. ಇಲ್ಲಿರುವವನ ಮಾತು ಅಂತ ಕೇಳಿಸಿಕೊಳ್ಳಿ.

ಮೊದಲು ರೂಮು, ಉಳಿದದ್ದೆಲ್ಲ ಆಮೇಲೆ. ಇಲ್ಲಿನ ಯೂನಿವರ್ಸಿಟಿಗಳಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯ ದಾಟುವ ತನಕ ನಡೆಯುತ್ತದೆ. ಅಂದರೆ ಜೂನ್‌ನಲ್ಲಿ ಎಲ್ಲ ವಿದ್ಯಾರ್ಥಿಗಳೂ ಊರಲ್ಲೇ ಇರುತ್ತಾರೆ. ರೂಮು ಸಿಗುವುದು ಕಷ್ಟ. ಜುಲೈ ಕೊನೆಗೆ ಅವರೆಲ್ಲ ಮನೆಗೋ ಪ್ರವಾಸಕ್ಕೋ ಹೊರಡುತ್ತಾರೆ, ಬಾಡಿಗೆ ಸುಮ್ನೆ ಕಟ್ಟಬೇಕಲ್ಲಾ ಅಂತ ರೂಮನ್ನು ಅಕ್ಟೋಬರ್ ತನಕ ಬೇರೆಯವರಿಗೆ ಬಿಡುತ್ತಾರೆ. ಇದಕ್ಕೆ ತ್ಸ್ವಿಶನ್‌ಮೀಟೆ ಅನ್ನುತ್ತಾರೆ. ಹಾಸಿಗೆ, ಮೇಜು, ಪಾತ್ರೆ ಎಲ್ಲ ಅವರದ್ದೇ ಇರುತ್ತದೆ. ಹಂಚಿಕೊಂಡು ಇರುವ ಮನೆಗೆ ವೇಗೇ ಅಂತ ಹೆಸರು. ಹುಡುಕುವಾಗ ಈ ಎರಡು ಪದ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

"ನಾನು ವಿದೇಶದಲ್ಲಿದ್ದೇನೆ, ಡೆಪಾಸಿಟ್ ಕಳಿಸಿ, ಕೀ ಪೋಸ್ಟಲ್ಲಿ ಬರುತ್ತದೆ" ಅಂದವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಫೋಟೋದಲ್ಲಿ ಮನೆ ಎಷ್ಟು ಚೆನ್ನಾಗಿ ಕಾಣುತ್ತದೋ ಅಷ್ಟು ಅನುಮಾನ ಪಡಿ. ವಿಡಿಯೋ ಕಾಲ್ ಮಾಡಿ ರೂಮು ತೋರಿಸಿ ಅನ್ನಿ. ಕಿಟಕಿಯಿಂದ ಹೊರಗೆ ಕಾಣುವುದನ್ನೂ ತೋರಿಸಿ ಅನ್ನಿ. ಮನೆ ಮಾಲೀಕರು ಒಪ್ಪಿದ್ದಾರಾ ಅಂತ ಕೇಳಿ, ಬರೆಸಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಫ್ಲ್ಯಾಟುಗಳಿಗೆ ನಂಬರ್ ಇರುವುದಿಲ್ಲ. ಕಟ್ಟಡಕ್ಕೆ ಮಾತ್ರ ನಂಬರು. ಬಾಗಿಲಲ್ಲಿ ಬೆಲ್ಲುಗಳ ಸಾಲು, ಪ್ರತಿ ಬೆಲ್ ಪಕ್ಕ ಒಂದು ಮನೆತನದ ಹೆಸರು, ಅಷ್ಟೇ. ನಿಮಗೆ ಬರುವ ಕಾಗದದ ಮೇಲೆ ಆ ಹೆಸರು ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ವಾಪಸ್ ಒಯ್ಯುತ್ತಾನೆ. ಅದಕ್ಕೆ ರೂಮು ಗಟ್ಟಿಯಾದ ದಿನವೇ ಬೆಲ್ ಮೇಲೆ ಏನು ಬರೆದಿದೆ ಅಂತ ಕೇಳಿಟ್ಟುಕೊಳ್ಳಿ. ಹಳೆಯ ಕಟ್ಟಡ ಆದರೆ ರಸ್ತೆ ಕಡೆಯ ಮನೆಯಾ, ಅಂಗಳ ದಾಟಿ ಹಿಂದಿನ ಮನೆಯಾ, ಅದನ್ನೂ ಕೇಳಿ. ಹಿಂದಿನದು ನಿಶ್ಶಬ್ದ, ಬಿಸಿಲು ಕಡಿಮೆ. ಬೇಸಿಗೆಗೆ ಅದೇ ವಾಸಿ. ಏಸಿ ಯಾರ ಮನೆಯಲ್ಲೂ ಇಲ್ಲ ಅಂತಲೇ ಅಂದುಕೊಳ್ಳಿ. ಮಾಡಿನ ಕೆಳಗಿನ ಮೇಲಿನ ಮಹಡಿ ಮಾತ್ರ ಬೇಡವೇ ಬೇಡ. 35 ಡಿಗ್ರಿ ದಾಟುವ ದಿನಗಳೂ ಈಗ ಬರುತ್ತವೆ.

ಸೂಟ್‌ಕೇಸ್

ನಾನು ಉಲ್ಟಾ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಉದ್ದದ ರಜೆ ಜೀವನದಲ್ಲಿ ಮತ್ತೆ ಸಿಗುವುದು ಯಾವಾಗ? ಒಂದೇ ಷೆಂಗೆನ್ ವೀಸಾದಲ್ಲಿ 29 ದೇಶ ಓಡಾಡಬಹುದು. ಅದನ್ನು ಕೈಯಲ್ಲಿ ಇಟ್ಟುಕೊಂಡು ಒಂದೇ ಊರಲ್ಲಿ ಕೂರುವುದು ಅಂದರೆ ಏನರ್ಥ? ಬರ್ಲಿನ್‌ಗೆ ಮೂರು ವಾರ ಧಾರಾಳ ಸಾಕು. ಆಮೇಲೆ ಪ್ರಾಗ್, ವಿಯೆನ್ನಾ, ಕ್ರಾಕೋವ್. ಇತಿಹಾಸದ ವಿದ್ಯಾರ್ಥಿನಿ ಅಂತೀರಿ, ಕ್ರಾಕೋವ್ ನೋಡದೆ ಬರುತ್ತೀರಾ?

ಇನ್ನೊಂದು ಮಾತು. ಬಹಳ ಕಾಲ ಕನಸು ಕಂಡ ಊರಲ್ಲಿ ಜಾಸ್ತಿ ದಿನ ಇರಬಾರದು. ನಿರಾಸೆ ಆಗುತ್ತದೆ. ಚೆನ್ನಾಗಿ ಇರುವಾಗಲೇ ಎದ್ದು ಬಂದರೆ ಆ ಆಸೆ ಹಾಗೇ ಉಳಿಯುತ್ತದೆ.

ಕಾಗದಪತ್ರ

ಒಂದು ಊರಾ ಹತ್ತು ಊರಾ ನೀವೇ ನೋಡಿಕೊಳ್ಳಿ. ನಾನು ವೀಸಾ ಬಗ್ಗೆ ಹೇಳುತ್ತೇನೆ, ಯಾಕೆಂದರೆ "ಮೂರು ತಿಂಗಳು" ಅನ್ನುವ ಮಾತು ಎಲ್ಲರನ್ನೂ ಕೆಡಿಸುತ್ತದೆ.

ನಿಯಮ ಇರುವುದು ಮೂರು ತಿಂಗಳು ಅಂತಲ್ಲ. ಯಾವುದೇ 180 ದಿನಗಳಲ್ಲಿ 90 ದಿನ. ಜೂನ್, ಜುಲೈ, ಆಗಸ್ಟ್ ಮೂರನ್ನೂ ಕೂಡಿಸಿ ನೋಡಿ, 92 ದಿನ ಆಗುತ್ತದೆ. ಜೂನ್ 1ಕ್ಕೆ ಇಳಿದು ಆಗಸ್ಟ್ 31ಕ್ಕೆ ಹೊರಟರೆ ನಿಯಮ ಮುರಿದ ಹಾಗೆಯೇ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಮೊದಲು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸುತ್ತಿದ್ದರು. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಂಡು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಅದು ಎಣಿಕೆ ತಪ್ಪುವುದಿಲ್ಲ. ಇನ್ನೊಂದು, ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಸ್ಟಿಕರ್ ಮೇಲೆ ಎಷ್ಟು ದಿನ ಅಂತ ಬರೆದಿರುತ್ತಾರೋ ನಿಮಗೆ ಅಷ್ಟೇ. ಕೇಳಿದ್ದಕ್ಕಿಂತ ಕಡಿಮೆ ಕೊಡುವುದೂ ಉಂಟು. ಅದಕ್ಕೆ ವಾಪಸ್ ಟಿಕೆಟ್ ತಾರೀಕು ಬದಲಾಯಿಸಲು ಆಗುವಂಥದ್ದು ಇರಲಿ.

ಅರ್ಜಿಯನ್ನು ಹೊರಡುವ ಆರು ತಿಂಗಳ ಮುಂಚಿನಿಂದ ಹಾಕಬಹುದು. 15 ದಿನ ಬಾಕಿ ಇರುವ ತನಕವೂ ಹಾಕಬಹುದು ಅಂತ ನಿಯಮ ಇದೆ, ಆದರೆ ಬೇಸಿಗೆಗೆ ಹೋಗುವವರು ಅದನ್ನು ನಂಬಿ ಕೂತರೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಸೇವಾ ಕೇಂದ್ರದವರ ಚಾರ್ಜ್ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಮೊತ್ತದ್ದು ಬೇಕು, ಷೆಂಗೆನ್ ಪೂರ್ತಿಗೆ ಅನ್ವಯ ಆಗಬೇಕು.

ಈಗಷ್ಟೇ ಓದು ಮುಗಿಸಿದವರ ಅರ್ಜಿಯಲ್ಲಿ ಅವರಿಗೆ ಬರುವ ಅನುಮಾನ ಒಂದೇ: ಈ ಹುಡುಗಿ ವಾಪಸ್ ಬರುತ್ತಾಳಾ? ನಿಮ್ಮ ಹತ್ತಿರ ಕೆಲಸದ ಪತ್ರ ಇದೆಯಲ್ಲಾ, ಸೇರುವ ದಿನಾಂಕ ಸಮೇತ, ಅದಕ್ಕಿಂತ ಒಳ್ಳೆ ಕಾಗದ ಇಲ್ಲ. ಅದನ್ನು ಮೇಲೆಯೇ ಇಡಿ. ಅಣ್ಣ ಖರ್ಚು ನೋಡಿಕೊಳ್ಳುತ್ತಾರೆ ಅಂದರೆ ಅವರ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಇರಲಿ. ಹೊರಡುವ ಮುಂಚಿನ ವಾರ ಅಕೌಂಟಿಗೆ ಒಟ್ಟಿಗೆ ದೊಡ್ಡ ಮೊತ್ತ ಬಂದು ಬಿದ್ದರೆ ಪ್ರಶ್ನೆ ಬರುತ್ತದೆ, ಈಗಿನಿಂದಲೇ ಹಾಕುತ್ತಾ ಬನ್ನಿ. ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. "ಕೆಫೆಯಲ್ಲಿ ಎರಡು ಗಂಟೆ ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ" ಅನ್ನುವವರ ಮಾತು ಕೇಳಬೇಡಿ.

ರಿಂಗ್‌ಬಾನ್

ಕಾಗದಪತ್ರ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮನೆ ಬದಲಾಯಿಸಿದರೆ ಎರಡು ವಾರದಲ್ಲಿ ಸರ್ಕಾರಿ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು ಅಂತ ಎಲ್ಲರೂ ಹೆದರಿಸುತ್ತಾರೆ. ಅದು ಇಲ್ಲಿ ವಾಸಕ್ಕೆ ಬಂದವರಿಗೆ. ಹೊರದೇಶದಿಂದ ಮೂರು ತಿಂಗಳ ಒಳಗಿನ ಭೇಟಿಗೆ ಬಂದವರಿಗೆ ಅದು ಬೇಕಿಲ್ಲ. ಅದರ ಅಪಾಯಿಂಟ್‌ಮೆಂಟ್ ಹುಡುಕುತ್ತಾ ಒಂದು ವಾರ ಹಾಳು ಮಾಡಿಕೊಳ್ಳಬೇಡಿ.

ಮಧ್ಯಾಹ್ನದ ಬಸ್ಸು

ನಾನು ಇದನ್ನೇ ಮಾಡಿದವಳು. ಡಿಗ್ರಿ ಮುಗಿದ ಮೇಲೆ ಬೇಸಿಗೆ, ಅದೇ ಊರು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸೂಟ್‌ಕೇಸ್ ಅವರು ಹೇಳಿದ ನಿರಾಸೆ ನಿಜ. ಆದರೆ ಅದು ಜಾಸ್ತಿ ದಿನ ಇದ್ದದ್ದಕ್ಕೆ ಬರುವುದಲ್ಲ, ಮಾಡಲು ಏನೂ ಇಲ್ಲದ್ದಕ್ಕೆ ಬರುವುದು. ಮೊದಲ ಎರಡು ವಾರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬ್ರಾಂಡೆನ್‌ಬುರ್ಗ್ ಗೇಟ್, ಸಂಸತ್ ಭವನವಾದ ರೈಷ್‌ಟಾಗ್‌ನ ಗುಮ್ಮಟ (ಪುಕ್ಕಟೆ, ಆದರೆ ಮುಂಚೆ ಹೆಸರು ಕೊಡಬೇಕು), ಗೋಡೆಯ 1.3 ಕಿಲೋಮೀಟರ್ ಉದ್ದದ ಚಿತ್ರಗಳ ಸಾಲು, ಎಲ್ಲ ಮುಗಿಯುತ್ತದೆ. ಮೂರನೇ ವಾರ ಒಂದು ಬೆಳಿಗ್ಗೆ ಎದ್ದು ಕೂತಾಗ ಗೊತ್ತಾಗುತ್ತದೆ, ಈ ಊರಲ್ಲಿ ನಾನು ಹೋಗದಿದ್ದರೆ "ಯಾಕೆ ಬರಲಿಲ್ಲ" ಅಂತ ಕೇಳುವವರು ಒಬ್ಬರೂ ಇಲ್ಲ. ಊರಿನ ಎಲ್ಲರಿಗೂ ಒಂದು ಕೆಲಸ ಇದೆ, ನನಗೆ ಮಾತ್ರ ಇಲ್ಲ. ಕನಸಿನ ಊರು ಬೋರು ಹೊಡೆಸುತ್ತಿದೆ ಅಂತ ಮನೆಗೆ ಫೋನು ಮಾಡಿ ಹೇಳುವುದಕ್ಕೂ ನಾಚಿಕೆ. ನನ್ನ ಜೊತೆ ಹಾಸ್ಟೆಲ್‌ನಲ್ಲಿ ಇದ್ದ ಇಬ್ಬರು ಇದೇ ಹೊತ್ತಿಗೆ ಟಿಕೆಟ್ ಬದಲಾಯಿಸಿ ಹೊರಟುಹೋದರು.

ನನ್ನನ್ನು ಉಳಿಸಿದ್ದು ಬೆಳಗಿನ ಭಾಷೆ ಕ್ಲಾಸು. ವಾರಕ್ಕೆ ಐದು ದಿನ, ಮಧ್ಯಾಹ್ನಕ್ಕೆ ಬಿಡುತ್ತಿದ್ದರು. ಜರ್ಮನ್ ಎಷ್ಟು ಬಂತು ಅನ್ನುವುದು ಬೇರೆ ಮಾತು. ಹೋಗಲೇಬೇಕಾದ ಒಂದು ಜಾಗ, ಹಿಡಿಯಲೇಬೇಕಾದ ಒಂದು ರೈಲು, ಬರದಿದ್ದರೆ ವಿಚಾರಿಸುವ ಒಬ್ಬ ಟೀಚರು. ಇದು ಸಿಕ್ಕ ಮೇಲೆ ಉಳಿದ ಅರ್ಧ ದಿನ ತನ್ನಿಂದ ತಾನೇ ರುಚಿಯಾಯಿತು. ದಿನವೂ ಅದೇ ರಸ್ತೆಯಲ್ಲಿ ಹೋಗಿದ್ದರಿಂದಲೇ ಎಷ್ಟೋ ಕಣ್ಣಿಗೆ ಬಿತ್ತು. ಉದಾಹರಣೆಗೆ, ಕಸದ ಡಬ್ಬಿಯ ಒಳಗಲ್ಲ, ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಖಾಲಿ ಬಾಟಲಿಗಳು. ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್, ಬಿಯರ್ ಬಾಟಲಿಗೆ 8 ಸೆಂಟ್. ಅದನ್ನು ಆಯ್ದು ಬದುಕುವವರು ಡಬ್ಬಿಗೆ ಕೈ ಹಾಕುವುದು ಬೇಡ ಅಂತ ಜನ ಹೊರಗೆ ಇಟ್ಟು ಹೋಗುತ್ತಾರೆ. ಎರಡು ದಿನಕ್ಕೆ ಬಂದವರು ಇದನ್ನು ಗಲೀಜು ಅಂದುಕೊಳ್ಳುತ್ತಾರೆ.

ಆಮೇಲೆ ಸ್ಟೋಲ್ಪರ್‌ಸ್ಟೈನ್. ಫುಟ್‌ಪಾತಿನಲ್ಲಿ ಹುಗಿದ ಅಂಗೈ ಅಗಲದ ಹಿತ್ತಾಳೆ ತುಂಡುಗಳು, 10 ಸೆಂಟಿಮೀಟರ್ ಚೌಕ. ಆ ಮನೆಯಿಂದ ನಾಜಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು, ಏನಾಯಿತು. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ ಬರ್ಲಿನ್‌ನಲ್ಲಿ ಇದನ್ನು 1996ರಲ್ಲಿ ಕ್ರಾಯ್ಟ್ಸ್‌ಬರ್ಗ್‌ನಿಂದ ಶುರು ಮಾಡಿದರು. ನನ್ನ ಕ್ಲಾಸಿನ ದಾರಿಯಲ್ಲಿ ಒಂದೇ ಬಾಗಿಲ ಮುಂದೆ ನಾಲ್ಕು ಇದ್ದವು, ಒಂದೇ ಮನೆತನದ ಹೆಸರು. ಒಂದು ದಿನ ಆ ಮನೆಯ ಅಜ್ಜಿಯೊಬ್ಬರು ಸ್ಟೂಲ್ ಹಾಕಿಕೊಂಡು ಕೂತು ಬಟ್ಟೆಯಿಂದ ತಿಕ್ಕುತ್ತಿದ್ದರು. ನನ್ನ ಎ2 ಜರ್ಮನ್‌ನಲ್ಲಿ ಏನೋ ಕೇಳಿದೆ. "ಬಿಟ್ಟರೆ ಕಪ್ಪಾಗುತ್ತದೆ, ಓದಲು ಆಗುವುದಿಲ್ಲ" ಅಂದರು, ಅಷ್ಟೇ.

ಹೊಸಹಾಳೆ, ಒಂದೇ ಊರಲ್ಲಿ ಇರಿ. ಆದರೆ ಬೆಳಿಗ್ಗೆಗೆ ಏನಾದರೂ ಗಂಟು ಹಾಕಿಕೊಂಡೇ ಹೋಗಿ. ಕ್ಲಾಸು ದುಬಾರಿ ಅನಿಸಿದರೆ ಲೈಬ್ರರಿ. ಹಾಲೆಶೆಸ್ ಟೋರ್ ಹತ್ತಿರ ಅಮೆರಿಕಾ ಸ್ಮಾರಕ ಲೈಬ್ರರಿ ಇದೆ, 1954ರಲ್ಲಿ ತೆರೆದದ್ದು. ಸುಮ್ನೆ ಒಳಗೆ ಹೋಗಿ ಕೂತು ಓದಬಹುದು.

ಸೂಟ್‌ಕೇಸ್

ಚೆನ್ನಾಗಿ ಬರೆದಿದ್ದೀರಿ ಮೇಡಂ, ಒಪ್ಪಿದೆ. ಆದರೂ ಒಂದು ಪ್ರಶ್ನೆ. ಓದು ಮುಗಿಸಿ ರಜೆ ಅಂತ ಹೋಗಿ ಮತ್ತೆ ಬೆಳಿಗ್ಗೆ ಎದ್ದು ಕ್ಲಾಸಿಗೆ ಹೋಗುವುದಾ? ಅದಕ್ಕೆ ಬರ್ಲಿನ್ ಯಾಕೆ, ಇಲ್ಲೇ ಹೋಗಬಹುದಲ್ಲಾ!

ಮಧ್ಯಾಹ್ನದ ಬಸ್ಸು

ಹ್ಹ ಹ್ಹ, ಇಲ್ಲಿ ಕ್ಲಾಸು ಬಿಟ್ಟ ಮೇಲೆ ಕೆರೆಗೆ ಹೋಗಿ ಈಜಲು ಆಗುತ್ತದಾ ಹೇಳಿ. ಅಲ್ಲಿ ಆಗುತ್ತದೆ. ಎಸ್1 ಅನ್ನುವ ಲೋಕಲ್ ರೈಲಿಗೆ ಶ್ಲಾಖ್ಟನ್‌ಸೇ ಅನ್ನುವ ಸ್ಟೇಷನ್ನೇ ಇದೆ, ಇಳಿದು ರಸ್ತೆ ದಾಟಿದರೆ ಕೆರೆ. ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಮಧ್ಯಾಹ್ನ ಒಂದಕ್ಕೆ ಕ್ಲಾಸು ಬಿಟ್ಟರೂ ಇನ್ನೂ ಎಂಟು ಗಂಟೆ ಬೆಳಕು ಇರುತ್ತದೆ. ದಿನ ಅರ್ಧ ಹೋಯಿತು ಅಂತ ಅನಿಸುವುದೇ ಇಲ್ಲ.

ನಿವೃತ್ತ ಮೇಷ್ಟ್ರು

ಹೊಸಹಾಳೆ, ಮಗಳೇ, ನಾನೂ ಇತಿಹಾಸ ಪಾಠ ಮಾಡಿದವನು. ಮಗ ಅಲ್ಲಿದ್ದಾಗ ಹೋಗಿದ್ದೆ. ನಿನ್ನ ಆಸೆಯಲ್ಲಿ ಹುಚ್ಚೇನೂ ಇಲ್ಲ.

ಗೋಡೆ ನೋಡಲು ಎಲ್ಲರೂ ಚಿತ್ರ ಬರೆದ ಕಡೆಗೆ ಹೋಗುತ್ತಾರೆ. ನೀನು ಬೆರ್ನಾವರ್ ರಸ್ತೆಗೆ ಹೋಗು. 1961ರ ಆಗಸ್ಟ್ 13ಕ್ಕೆ ಗಡಿ ಮುಚ್ಚಿದಾಗ ಆ ರಸ್ತೆಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಬಾಗಿಲು ತೆರೆದು ಹೊಸ್ತಿಲು ದಾಟಿದರೆ ಬೇರೆ ದೇಶ. ಬಾಗಿಲಿಗೆ ಇಟ್ಟಿಗೆ ಕಟ್ಟಿದರು, ಜನ ಕಿಟಕಿಯಿಂದ ಹಾರಿದರು. ನಾನು ಎಷ್ಟೋ ವರ್ಷ ಇದನ್ನು ಪಾಠ ಮಾಡಿದ್ದರೂ, ಅಲ್ಲಿ ನಿಂತು ಫುಟ್‌ಪಾತಿನ ಅಗಲ ನೋಡುವ ತನಕ ನನಗೇ ಸರಿಯಾಗಿ ಅರ್ಥ ಆಗಿರಲಿಲ್ಲ.

ಅಲ್ಲೇ ಗಡಿಯ ನಡುವೆ ಸಿಕ್ಕಿಹಾಕಿಕೊಂಡ ಒಂದು ಚರ್ಚ್ ಇತ್ತು. 1985ರಲ್ಲಿ ಪೂರ್ವದ ಸರ್ಕಾರ ಸಿಡಿಮದ್ದು ಇಟ್ಟು ಉರುಳಿಸಿತು. 2000ದಲ್ಲಿ ಅದೇ ಜಾಗದಲ್ಲಿ ಮಣ್ಣು ಬಡಿದು ಒಂದು ಸಣ್ಣ ಪ್ರಾರ್ಥನಾ ಮಂದಿರ ಕಟ್ಟಿದರು. ಅದರ ಸುತ್ತ, ಕಾವಲುಗಾರರು ಬಂದೂಕು ಹಿಡಿದು ತಿರುಗುತ್ತಿದ್ದ ನೆಲದಲ್ಲಿ, ಈಗ ರೈ ಅನ್ನುವ ಧಾನ್ಯ ಬೆಳೆಯುತ್ತಾರೆ. ಊರ ಮಧ್ಯದಲ್ಲಿ, ಟ್ರ್ಯಾಮ್ ಓಡುವ ರಸ್ತೆ ಪಕ್ಕದಲ್ಲಿ ಹೊಲ! ಜೂನ್‌ನಲ್ಲಿ ಹೋದರೆ ತೆನೆ ನೋಡಬಹುದು, ಬೇಸಿಗೆ ನಡುವೆ ಕೊಯ್ಲು. ಒಂದು ವಾರಕ್ಕೆ ಹೋದವನಿಗೆ ಒಂದೋ ಹಸಿರು ಕಾಣುತ್ತದೆ, ಒಂದೋ ಕೂಳೆ ಕಾಣುತ್ತದೆ. ನಿನಗೆ ಎರಡೂ ಕಾಣುತ್ತದೆ.

ಫ್ರೀಡ್ರಿಷ್‌ಸ್ಟ್ರಾಸೆ ಸ್ಟೇಷನ್ ಪಕ್ಕ ಟ್ರೇನೆನ್‌ಪಲಾಸ್ಟ್ ಅಂತ ಗಾಜಿನ ಹಾಲ್ ಇದೆ, 1962ರದ್ದು. ಪಶ್ಚಿಮದವರು ನೆಂಟರನ್ನು ನೋಡಿ ವಾಪಸ್ ಹೋಗುವಾಗ ಅಲ್ಲೇ ಬೀಳ್ಕೊಡಬೇಕಿತ್ತು. ಪ್ರವೇಶ ಉಚಿತ. ಪಾಸ್‌ಪೋರ್ಟ್ ತಪಾಸಣೆಯ ಇಕ್ಕಟ್ಟು ಗೂಡು ಹಾಗೇ ಇದೆ, ಒಳಗೆ ಹೋಗಿ ನಿಲ್ಲು.

ಇನ್ನು ವಾನ್‌ಸೇ ಕೆರೆ. ಪೂರ್ವ ದಡದಲ್ಲಿ 1907ರಿಂದ ಜನ ಸ್ನಾನಕ್ಕೆ ಬರುವ ಮರಳಿನ ತೀರ. ಎದುರು ದಡದಲ್ಲಿ ಒಂದು ಬಂಗಲೆ. 1942ರ ಜನವರಿ 20ರಂದು ಯಹೂದಿಗಳ ಕೊಲೆಯನ್ನು ಹೇಗೆ ಪೂರೈಸಬೇಕು ಅಂತ ಅಧಿಕಾರಿಗಳು ಮಾತಾಡಿಕೊಂಡ ಮನೆ ಅದು. ಈಗ ಸ್ಮಾರಕ. ಅದರ ತೋಟದಿಂದ ನೋಡಿದರೆ ನೀರಿನ ಆಚೆ ಈಜುವವರು ಕಾಣುತ್ತಾರೆ. ನಾನು ಎರಡನ್ನೂ ಒಂದೇ ದಿನ ನೋಡಿದೆ. ನೀನು ಹಾಗೆ ಮಾಡಬೇಡ. ಒಂದಕ್ಕೊಂದು ದಿನ ಕೊಡು. ನಿನಗೆ ಸಮಯ ಇದೆ.

ನೀಲಿ ಕೊಡೆ

ಒಬ್ಬಳೇ ಹೋಗುವವರ ಕಡೆಯಿಂದ ಕೇಳುತ್ತಿದ್ದೇನೆ, ನನಗೂ ಮುಂದಿನ ವರ್ಷ ಇದೇ ಯೋಚನೆ. ರಾತ್ರಿ ಓಡಾಟ ಹೇಗೆ? ತಿಂಗಳ ಖರ್ಚಿನಲ್ಲಿ ಓಡಾಟಕ್ಕೆ ಎಷ್ಟು ಇಡಬೇಕು?

ಮಧ್ಯಾಹ್ನದ ಬಸ್ಸು

ಶುಕ್ರವಾರ, ಶನಿವಾರ ರಾತ್ರಿ ಮೆಟ್ರೋ, ಎಸ್‌ಬಾನ್ ಅನ್ನುವ ಲೋಕಲ್ ರೈಲು ಬೆಳಗಿನ ತನಕ ಓಡುತ್ತವೆ. ಉಳಿದ ದಿನ ಮೆಟ್ರೋ ನಿಂತ ಮೇಲೆ ಅದೇ ದಾರಿಯಲ್ಲಿ ರಾತ್ರಿ ಬಸ್ಸು ಇರುತ್ತದೆ. ನಾನು ಹನ್ನೊಂದು, ಹನ್ನೆರಡಕ್ಕೆಲ್ಲ ಒಬ್ಬಳೇ ಬಂದಿದ್ದೇನೆ. ದೊಡ್ಡ ಊರು, ಕುಡಿದವರು ಇರುತ್ತಾರೆ, ಕೆಲವು ಸ್ಟೇಷನ್‌ಗಳಲ್ಲಿ ಗಾಂಜಾ ಮಾರುವವರು ನಿಂತಿರುತ್ತಾರೆ. ಮಾತಾಡಿಸಿದರೆ ಉತ್ತರ ಕೊಡದೆ ನಡೆದುಬಿಡಿ, ಹಿಂದೆ ಬರುವುದಿಲ್ಲ. ಗೋರ್ಲಿಟ್ಸರ್ ಪಾರ್ಕ್ ಮಾತ್ರ ಕತ್ತಲಾದ ಮೇಲೆ ಬೇಡ. ಜನ ತುಂಬಿದ ಬೋಗಿಯಲ್ಲಿ ಕೂರಿ, ಮೊಬೈಲ್ ಮೇಜಿನ ಮೇಲೆ ಇಟ್ಟು ಎದ್ದು ಹೋಗಬೇಡಿ. ಅಲ್ಲಿ ಮೈ ಮುಟ್ಟುವವರಿಗಿಂತ ಜೇಬು ಮುಟ್ಟುವವರು ಜಾಸ್ತಿ.

ರಿಂಗ್‌ಬಾನ್

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ತೆಗೆದುಕೊಳ್ಳಿ. 2023ರಲ್ಲಿ 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ ತಿಂಗಳಿಗೆ 63. ಊರಿನ ಬಸ್ಸು, ಟ್ರ್ಯಾಮ್, ಮೆಟ್ರೋ ಎಲ್ಲ ಅದರಲ್ಲೇ. ಅದು ಪ್ರತಿ ತಿಂಗಳೂ ತಾನೇ ಮುಂದುವರಿಯುತ್ತದೆ. ನಿಲ್ಲಿಸಬೇಕು ಅಂದರೆ ಆ ತಿಂಗಳ 10ನೇ ತಾರೀಕಿನ ಒಳಗೆ ಹೇಳಬೇಕು. ಇಲ್ಲದಿದ್ದರೆ ನೀವು ಊರಿಗೆ ಹೋದ ಮೇಲೂ ದುಡ್ಡು ಕಟ್ ಆಗುತ್ತಿರುತ್ತದೆ. ಸ್ಟೇಷನ್‌ನಲ್ಲಿ ಗೇಟ್ ಇರುವುದಿಲ್ಲ, ಯಾರೂ ಕೇಳುವುದಿಲ್ಲ ಅಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಮಾಮೂಲಿ ಬಟ್ಟೆಯಲ್ಲಿ ಇದ್ದವನೇ ಬಾಗಿಲು ಮುಚ್ಚಿದ ಮೇಲೆ ಕಾರ್ಡ್ ತೋರಿಸುತ್ತಾನೆ, 60 ಯೂರೋ ದಂಡ.

ಸೂಟ್‌ಕೇಸ್ ಅವರ ಸಮಾಧಾನಕ್ಕೆ ಒಂದು ಮಾತು. ಇದೇ ಟಿಕೆಟ್ ದೇಶದ ಎಲ್ಲ ನಿಧಾನ ರೈಲುಗಳಿಗೂ ನಡೆಯುತ್ತದೆ. ಪಾಟ್ಸ್‌ಡಾಮ್, ಲೈಪ್ಸಿಗ್, ಡ್ರೆಸ್ಡನ್, ಬಾಲ್ಟಿಕ್ ಸಮುದ್ರದ ಕಡೆಯ ಸ್ಟ್ರಾಲ್‌ಸುಂಡ್, ಎಲ್ಲಕ್ಕೂ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ವೇಗದ ರೈಲು ಹತ್ತುವ ಹಾಗಿಲ್ಲ, ಅಷ್ಟೇ.

ಬಂದ ದಿನ ಸಂಜೆ ಏನು ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ, ನನ್ನ ಹೆಸರೇ ಹೇಳುತ್ತದಲ್ಲಾ, ರಿಂಗ್‌ಬಾನ್ ಅಂದರೆ ಊರು ಸುತ್ತುವ ರೈಲು. ಎಸ್41 ಹತ್ತಿ ಕೂತುಬಿಡಿ. ಊರಿನ ಸುತ್ತ 37 ಕಿಲೋಮೀಟರ್, 27 ಸ್ಟೇಷನ್, ಒಂದು ಗಂಟೆಗೆ ಹತ್ತಿದ ಜಾಗಕ್ಕೇ ತಂದು ಬಿಡುತ್ತದೆ. 41 ಗಡಿಯಾರದ ಮುಳ್ಳಿನ ದಿಕ್ಕು, 42 ಎದುರು ದಿಕ್ಕು. ನಿದ್ದೆ ಬಂದರೂ ಕಳೆದುಹೋಗುವುದಿಲ್ಲ.

ಟೆಂಪಲ್‌ಹೋಫ್ ಬಗ್ಗೆ ಯಾರೂ ಹೇಳಲೇ ಇಲ್ಲ! 1948–49ರಲ್ಲಿ ಸೋವಿಯತ್ ದಿಗ್ಬಂಧನ ಇದ್ದಾಗ ವಿಮಾನದಲ್ಲಿ ಕಲ್ಲಿದ್ದಲು, ಹಿಟ್ಟು ತಂದು ಇಳಿಸಿದ ವಿಮಾನ ನಿಲ್ದಾಣ. 2008ರಲ್ಲಿ ಮುಚ್ಚಿದರು, 2010ರಲ್ಲಿ ಪಾರ್ಕ್ ಮಾಡಿದರು. 300 ಹೆಕ್ಟೇರ್‌ಗಿಂತ ಜಾಸ್ತಿ ಬಯಲು. ಅಂಚಿನಲ್ಲಿ ಮನೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ 2014ರಲ್ಲಿ ಜನ ಮತ ಹಾಕಿ ಬೇಡ ಅಂದರು. ರನ್‌ವೇ ಮೇಲೆ ಸೈಕಲ್ ಹೊಡೆಯಬಹುದು. ಹುಲ್ಲಿನ ಒಂದು ಭಾಗಕ್ಕೆ ಬೇಸಿಗೆಯಲ್ಲಿ ಬೇಲಿ ಹಾಕಿರುತ್ತಾರೆ, ನೆಲದಲ್ಲಿ ಗೂಡು ಕಟ್ಟುವ ಬಾನಾಡಿ ಹಕ್ಕಿಗಳಿಗೆ. ಮನೆ ಬಾಡಿಗೆ ಹೀಗೆ ಏರಿರುವಾಗ ಅಲ್ಲಿ ಸ್ವಲ್ಪ ಕಟ್ಟಿದರೆ ಏನು ತಪ್ಪು ಅನ್ನುವ ಜಗಳ ಈಗಲೂ ಇದೆ. ನನಗೂ ಆ ವಿಷಯದಲ್ಲಿ ತೀರ್ಮಾನಕ್ಕೆ ಬರಲು ಆಗಿಲ್ಲ. ಸಂಜೆ ಅಲ್ಲಿ ಹೋದರೆ ಕಟ್ಟಬಾರದು ಅನಿಸುತ್ತದೆ, ಬಾಡಿಗೆ ಕಟ್ಟುವ ದಿನ ಕಟ್ಟಲಿ ಅನಿಸುತ್ತದೆ.

ತೆರೆಮರೆ

ನಾಟಕ, ಸಂಗೀತದ ಆಸೆ ಇಟ್ಟುಕೊಂಡು ಹೋಗುವವರಿಗೆ ಒಂದು ಎಚ್ಚರಿಕೆ. ಬರ್ಲಿನ್ ಅಂದರೆ ಒಪೆರಾ, ರಂಗಮಂದಿರ, ಫಿಲ್‌ಹಾರ್ಮೊನಿ ಅನ್ನುವ ಸಂಗೀತ ಸಭಾಂಗಣ ಅಂತ ನಾವೆಲ್ಲ ಕೇಳಿರುವುದು ಬೇಸಿಗೆಯ ಬರ್ಲಿನ್ ಅಲ್ಲ. ಜುಲೈ, ಆಗಸ್ಟ್‌ನಲ್ಲಿ ದೊಡ್ಡ ರಂಗಮಂದಿರಗಳಿಗೆ ರಜೆ. ಫಿಲ್‌ಹಾರ್ಮೊನಿಯಲ್ಲಿ ಬುಧವಾರ ಮಧ್ಯಾಹ್ನ ನಡೆಯುವ ಪುಕ್ಕಟೆ ಕಛೇರಿಯೂ ಆಗ ಇರುವುದಿಲ್ಲ. ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರಿನಿಂದ ರಿಪೇರಿಗೆ ಮುಚ್ಚಿದೆ, ಪ್ರಾಚೀನ ಬ್ಯಾಬಿಲೋನ್‌ನ ಇಷ್ತಾರ್ ಬಾಗಿಲು ಇರುವ ಭಾಗ 2037ರ ತನಕ ತೆರೆಯುವುದಿಲ್ಲ ಅಂತ ಹೇಳಿದ್ದಾರೆ. ಈಜಿಪ್ಟಿನ ರಾಣಿ ನೆಫರ್ಟೀಟಿಯ ಶಿಲ್ಪ ಇರುವುದು ಪಕ್ಕದ ನಾಯೆಸ್ ಮ್ಯೂಸಿಯಂನಲ್ಲಿ, ಅದು ತೆರೆದಿದೆ.

ಬದಲಿಗೆ ಬೇಸಿಗೆಯಲ್ಲಿ ಸಿಗುವುದು ಬಯಲು. ಜೂನ್ 21ಕ್ಕೆ ಊರೆಲ್ಲ ಬೀದಿ ಸಂಗೀತ. ಪಾರ್ಕುಗಳಲ್ಲಿ ಬಯಲು ಸಿನಿಮಾ, ಕತ್ತಲಾಗುವುದೇ ತಡವಾಗಿ, ಅದಕ್ಕೆ ಜೂನ್‌ನಲ್ಲಿ ಶುರುವಾಗುವುದೇ ರಾತ್ರಿ ಹತ್ತರ ಹತ್ತಿರ. ಶಾಲು ಒಯ್ಯಿರಿ, ಸಿನಿಮಾ ಮುಗಿಯುವ ಹೊತ್ತಿಗೆ ಚಳಿ ಹಿಡಿಯುತ್ತದೆ. ಆಗಸ್ಟ್ ಕೊನೆಗೆ ಮ್ಯೂಸಿಯಂಗಳ ಉದ್ದ ರಾತ್ರಿ, ಒಂದೇ ಟಿಕೆಟಿನಲ್ಲಿ ಮಧ್ಯರಾತ್ರಿ ದಾಟುವ ತನಕ ಹತ್ತಾರು ಕಡೆ ಸುತ್ತಬಹುದು. 1997ರಲ್ಲಿ ಇದು ಶುರುವಾಗಿದ್ದೇ ಬರ್ಲಿನ್‌ನಲ್ಲಿ.

ಹೊಸಹಾಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಮೇಷ್ಟ್ರೇ, ನಿಮ್ಮ ಬೆರ್ನಾವರ್ ರಸ್ತೆ ಕೇಳಿ ಅಮ್ಮ ಪ್ಯಾರಿಸ್ ವಿಷಯ ಬಿಟ್ಟುಬಿಟ್ಟರು.

ಈಗಿನ ಲೆಕ್ಕ ಹೀಗಿದೆ. ಜೂನ್ 12ಕ್ಕೆ ಇಳಿಯುವುದು, ಸೆಪ್ಟೆಂಬರ್ 5ಕ್ಕೆ ಹೊರಡುವುದು. ಎಣಿಸಿದೆ, 86 ದಿನ. ಜುಲೈ ಕೊನೆಯ ತನಕ ಭಾಷಾ ಶಾಲೆಯವರೇ ಕೊಡುವ ರೂಮು, ಬೆಳಿಗ್ಗೆ ಕ್ಲಾಸು. ಆಗಸ್ಟಿಗೆ ವೇಗೇ ಹುಡುಕುತ್ತೇನೆ, ಅಷ್ಟು ಹೊತ್ತಿಗೆ ನಾನೇ ಹೋಗಿ ಕಣ್ಣಾರೆ ನೋಡಿ ಬರಬಹುದು, ಮೋಸದ ಭಯ ಇಲ್ಲ. ಆಗಸ್ಟ್‌ನಲ್ಲಿ ಕ್ಲಾಸು ಇಲ್ಲ, ಬೆಳಿಗ್ಗೆ ಲೈಬ್ರರಿ. ಗೋಡೆ ಇದ್ದ ದಾರಿಯನ್ನು ತುಂಡು ತುಂಡಾಗಿ ನಡೆಯಬೇಕು ಅಂತಲೂ ಇದೆ. ಪಶ್ಚಿಮ ಬರ್ಲಿನ್ ಸುತ್ತ ಒಟ್ಟು 155 ಕಿಲೋಮೀಟರ್ ಇತ್ತಲ್ಲಾ, ಪೂರ್ತಿ ಆಗದಿದ್ದರೂ ಊರೊಳಗಿನ 43 ಕಿಲೋಮೀಟರ್ ಆದರೂ ಆಗಲಿ.

ಸೂಟ್‌ಕೇಸ್ ಅಣ್ಣಾ, ಕ್ರಾಕೋವ್‌ಗೆ ನಾಲ್ಕು ದಿನ ಇಟ್ಟಿದ್ದೇನೆ. ಖುಷಿನಾ?

ಸೂಟ್‌ಕೇಸ್

ನಾಲ್ಕು ದಿನಾನಾ! ಸರಿ, ಬಿಡಿ, ಅಷ್ಟಾದರೂ ಆಯಿತಲ್ಲ. ಭಾನುವಾರ ಬರ್ಲಿನ್‌ನಲ್ಲಿ ಅಂಗಡಿ ಎಲ್ಲ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ, ಇಲ್ಲಾ ಅಂದರೆ ಮೇನ್ ಸ್ಟೇಷನ್ ತನಕ ಹೋಗಬೇಕು. ಕೈಯಲ್ಲಿ ಸ್ವಲ್ಪ ನೋಟು ಇರಲಿ, ಎಷ್ಟೋ ಕಡೆ ಕಾರ್ಡ್ ತಗೊಳ್ಳುವುದಿಲ್ಲ.

ಕಾಗದಪತ್ರ

ಕ್ರಾಕೋವ್ ದಿನಗಳೂ ಅದೇ 86ರಲ್ಲಿ ಸೇರುತ್ತವೆ, ಪೋಲೆಂಡ್ ಕೂಡ ಷೆಂಗೆನ್ನೇ. ಅರ್ಜಿಯಲ್ಲಿ ಅದನ್ನೂ ಬರೆಯಿರಿ. ಆಗಸ್ಟಿನ ರೂಮು ಇನ್ನೂ ಇಲ್ಲ ಅಂದಿರಿ. ವೀಸಾಗೆ ಪೂರ್ತಿ ಅವಧಿಯ ವಸತಿ ತೋರಿಸಬೇಕು. ಶಾಲೆಯವರನ್ನೇ ಸೆಪ್ಟೆಂಬರ್ 5ರ ತನಕ ರೂಮು ಕೊಡುತ್ತೀರಾ, ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಸಿಗುತ್ತದಾ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ. ಮತ್ತೆ, ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ? ಇನಿಷಿಯಲ್ ಬಿಡಿಸಿ ಬರೆದಿದ್ದಾರಾ?

ಹೊಸಹಾಳೆ

ಬಿಡಿಸಿದ್ದಾರೆ ಸರ್, ಅಪ್ಪನ ಹೆಸರು ಪೂರ್ತಿ ಇದೆ. ಆದರೆ ಮಾರ್ಕ್ಸ್ ಕಾರ್ಡಿನಲ್ಲಿ, ಕೆಲಸದ ಪತ್ರದಲ್ಲಿ ಇನಿಷಿಯಲ್ ಮಾತ್ರ.

ಕಾಗದಪತ್ರ

ಹಾಗಾದರೆ ಕೆಲಸ ಕೊಟ್ಟವರಿಗೆ ಇವತ್ತೇ ಬರೆದು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಪತ್ರ ಬದಲಾಯಿಸಿಕೊಳ್ಳಿ. ಮಾರ್ಕ್ಸ್ ಕಾರ್ಡ್ ಹಾಗೇ ಇರಲಿ, ಒಂದು ವಿವರಣೆ ಪತ್ರ ಲಗತ್ತಿಸಿದರೆ ಆಯಿತು. ಇನ್ಶೂರೆನ್ಸ್, ಟಿಕೆಟ್, ಶಾಲೆಯ ಪತ್ರ ಮೂರರಲ್ಲೂ ಪಾಸ್‌ಪೋರ್ಟಿನ ಹೆಸರೇ ಇರಲಿ.

ರಿಂಗ್‌ಬಾನ್

ಅಷ್ಟುದ್ದದ ಹೆಸರು ಬೆಲ್ ಪಕ್ಕದ ಚೀಟಿಯಲ್ಲಿ ಹಿಡಿಸುವುದಿಲ್ಲ ಬಿಡಿ. ಅಲ್ಲಿಗೆ ಇನಿಷಿಯಲ್ ಸಾಕು.